ನೂರು ಡಾಲರಿನ ಕಣ್ಣು

ಕೇಳುಗರಿಗೆ ನಮಸ್ಕಾರ.

2013ರ ನವೆಂಬರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಒಂದು ವಾರದ ಅಂತರದಲ್ಲಿ, ಟಿವಿಗೆ ಜೋಡಿಸಿ ಆಡುವ ಎರಡು ಗೇಮ್ ಕನ್ಸೋಲ್‌ಗಳು ಬಂದವು. 15ರಂದು ಸೋನಿಯ ಪ್ಲೇಸ್ಟೇಷನ್ 4, ಬೆಲೆ 399 ಡಾಲರ್. 22ರಂದು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್, ಬೆಲೆ 499. ಎಕ್ಸ್‌ಬಾಕ್ಸಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ಕನ್ಸೋಲ್ ಜೊತೆ ಕಿನೆಕ್ಟ್ ಎಂಬ ಇನ್ನೊಂದು ಸಾಧನ ಇರುತ್ತಿತ್ತು. ಟಿವಿಯ ಬಳಿ ಕೂತು ಎದುರಿಗಿರುವವರ ಕೈಕಾಲಿನ ಚಲನೆಯನ್ನು ಗಮನಿಸುವ, ಹೇಳಿದ ಮಾತನ್ನು ಕೇಳಿಸಿಕೊಳ್ಳುವ ಕ್ಯಾಮೆರಾ ಅದು. ನನಗೆ ಬೇಡ, ಅದಿಲ್ಲದೆ ಕೊಡಿ ಅಂದರೆ ಕೊಡುತ್ತಿರಲಿಲ್ಲ. ಸೋನಿಯ ಹತ್ತಿರವೂ ಒಂದು ಕ್ಯಾಮೆರಾ ಇತ್ತು. ಅದನ್ನು ಅವರು ಹೊರಗಿಟ್ಟು, ಬೇಕಾದವರು 60 ಡಾಲರ್ ಕೊಟ್ಟು ಬೇರೆ ತೆಗೆದುಕೊಳ್ಳಲಿ ಅಂದರು.

ಹಾಗಾದರೆ ಆ ನೂರು ಡಾಲರ್ ನ್ಯಾಯವಾಗಿತ್ತೇ? ಸಾಧನವನ್ನು ಮಾತ್ರ ನೋಡಿದರೆ ನ್ಯಾಯವೇ. ಮೊದಲ ವರ್ಷ ಅದನ್ನು ಕೊಂಡವರ ಕಡೆಯಿಂದ ನೋಡಿದರೆ ಅಲ್ಲ. ಈ ಎರಡು ಉತ್ತರಗಳ ನಡುವೆ ಇರುವ ಅಂತರವೇ ಇವತ್ತಿನ ವಿಷಯ.

ಮೊದಲು ಸಾಧನ. ಕನ್ಸೋಲನ್ನು ಬಿಚ್ಚಿ ಬಿಡಿಭಾಗಗಳ ಲೆಕ್ಕ ಹಾಕಿದ ಐಎಚ್‌ಎಸ್ ಸಂಸ್ಥೆ ಆಗ ಕೊಟ್ಟ ಅಂದಾಜಿನಲ್ಲಿ ಎಕ್ಸ್‌ಬಾಕ್ಸ್ ಒನ್ ತಯಾರಿಕೆಗೆ ತಗಲುವುದು ಸುಮಾರು 471 ಡಾಲರ್. ಅದರಲ್ಲಿ ಕಿನೆಕ್ಟಿನ ಪಾಲೇ 75. ಪ್ಲೇಸ್ಟೇಷನ್ 4ಕ್ಕೆ 381. ಸಾಗಣೆ, ಅಂಗಡಿಯವರ ಪಾಲು ಇವನ್ನೆಲ್ಲ ಸೇರಿಸಿದರೆ ಎರಡು ಕಂಪನಿಗಳಿಗೂ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಕಿನೆಕ್ಟ್ ಹೆಸರಿನಲ್ಲಿ ಯಾರೂ ಗಿರಾಕಿಯ ಜೇಬಿಗೆ ಕತ್ತರಿ ಹಾಕಲಿಲ್ಲ.

75 ಡಾಲರಿಗೆ ಅದರಲ್ಲಿ ಇದ್ದದ್ದೂ ಕಡಿಮೆಯೇನಲ್ಲ. 2010ರಲ್ಲಿ ಹಿಂದಿನ ಕನ್ಸೋಲ್ ಎಕ್ಸ್‌ಬಾಕ್ಸ್ 360ಕ್ಕೆ ಬಂದಿದ್ದ ಹಳೆಯ ಕಿನೆಕ್ಟ್, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಸಾವಿರಾರು ಚುಕ್ಕೆಗಳನ್ನು ಕೋಣೆಯ ಮೇಲೆ ಚೆಲ್ಲುತ್ತಿತ್ತು. ಚುಕ್ಕೆಗಳ ವಿನ್ಯಾಸ ಎಲ್ಲಿ ಎಷ್ಟು ಸರಿದಿದೆ ಎಂದು ನೋಡಿ ದೂರವನ್ನು ಲೆಕ್ಕ ಹಾಕುತ್ತಿತ್ತು. 2013ರ ಸೆನ್ಸರಿನದು ಬೇರೆಯೇ ದಾರಿ. ಅದು ಅವಗೆಂಪು ಬೆಳಕನ್ನು ಅತಿ ವೇಗವಾಗಿ ಮಿಡಿಸಿ, ಆ ಬೆಳಕು ನಿಮ್ಮ ಮೈಗೆ ತಾಗಿ ಹಿಂದಿರುಗಲು ಹಿಡಿಯುವ ಕಾಲವನ್ನು ಅಳೆಯುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಓಡುವುದು 30 ಸೆಂಟಿಮೀಟರ್. ನೀವು 3 ಮೀಟರ್ ದೂರದಲ್ಲಿ ನಿಂತಿದ್ದರೆ ಹೋಗಿಬರಲು 20 ನ್ಯಾನೋಸೆಕೆಂಡ್. ಕೈಯನ್ನು ಎರಡು ಇಂಚು ಮುಂದೆ ಚಾಚಿದಿರಿ ಅಂದರೆ ಆ ಕಾಲದಲ್ಲಿ ಆಗುವ ವ್ಯತ್ಯಾಸ ಒಂದು ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗ. ಇದನ್ನು 512 ಅಡ್ಡ, 424 ಉದ್ದದ ಚಿತ್ರದ ಪ್ರತಿ ಬಿಂದುವಿಗೂ ಸೆಕೆಂಡಿಗೆ 30 ಸಲ ಅಳೆಯುತ್ತದೆ. ಹಾಗೆ ಅಳೆದು ಆರು ಜನರನ್ನು ಒಟ್ಟಿಗೆ, ಒಬ್ಬೊಬ್ಬರಲ್ಲೂ 25 ಕೀಲುಗಳಂತೆ ಗುರುತಿಸುತ್ತದೆ. ಹಳೆಯದು ಇಬ್ಬರ ಮೈಯನ್ನು, ತಲಾ 20 ಕೀಲುಗಳಂತೆ ಮಾತ್ರ ಹಿಡಿಯುತ್ತಿತ್ತು. ಹೊಸದು ಕತ್ತಲಲ್ಲೂ ಕೆಲಸ ಮಾಡುತ್ತದೆ, ಏಕೆಂದರೆ ಬೆಳಕು ಅದರದೇ. ಸಾಲಾಗಿ ಜೋಡಿಸಿದ ನಾಲ್ಕು ಮೈಕುಗಳು ಮಾತು ಯಾವ ದಿಕ್ಕಿನಿಂದ ಬಂತು ಎಂಬುದನ್ನೂ ಪತ್ತೆ ಹಚ್ಚುತ್ತವೆ.

ಇಷ್ಟೆಲ್ಲ ಇದ್ದೂ ಮನೆಯಲ್ಲಿ ತಂದಿಟ್ಟರೆ ಏನಾಗುತ್ತದೆ ಅನ್ನುವುದು ಬೇರೆ ಮಾತು. ಸೆನ್ಸರನ್ನು ನೆಲದಿಂದ ಎರಡರಿಂದ ಆರು ಅಡಿ ಎತ್ತರದಲ್ಲಿ, ಟಿವಿಯ ನಡುಮಧ್ಯಕ್ಕೆ ಇಡಬೇಕು. ಸ್ಟ್ಯಾಂಡಿನ ಅಂಚಿಗೆ ಎಳೆದು ಇಡಬೇಕು. ಹಿಂದಕ್ಕೆ ತಳ್ಳಿಬಿಟ್ಟರೆ ಹಲಗೆಯೇ ಅರ್ಧ ನೋಟವನ್ನು ಮುಚ್ಚಿ ನಿಮ್ಮ ಪಾದ ಕಾಣದಂತಾಗುತ್ತದೆ. ಪಾದ ಕಾಣದಿದ್ದರೆ ಕಾಲಿನ ಕೀಲುಗಳನ್ನು ಅದು ಊಹಿಸುತ್ತದೆ, ಪರದೆಯ ಮೇಲಿನ ಆಟಗಾರ ಕುಂಟುತ್ತಾನೆ. ಸ್ಪೀಕರಿನ ಮೇಲೆ ಇಡಬಾರದು, ಅದರ ನಡುಕಕ್ಕೆ ಚಿತ್ರವೂ ನಡುಗುತ್ತದೆ. ಹಳೆಯ ಕಿನೆಕ್ಟಿನಲ್ಲಿ ತಲೆ ಎತ್ತಿ ಇಳಿಸಲು ಮೋಟರ್ ಇತ್ತು, ಹೊಸದರಲ್ಲಿ ಕೈಯಿಂದಲೇ ಬಾಗಿಸಬೇಕು.

ಇನ್ನು ಜಾಗ. ಹಳೆಯ ಕಿನೆಕ್ಟಿಗೆ ಒಬ್ಬರಿಗೆ ಆರು ಅಡಿ, ಇಬ್ಬರಿಗೆ ಎಂಟು ಅಡಿ ಬೇಕು ಎಂದು ಕಂಪನಿಯೇ ಹೇಳಿತ್ತು. ಹೊಸದಕ್ಕೆ ನಾಲ್ಕೂವರೆ ಅಡಿ ಸಾಕು ಅಂದರು, ಆದರೂ ಆರಡಿ ಇದ್ದರೆ ಒಳ್ಳೆಯದು. ಈ ಅಳತೆ ಸೆನ್ಸರಿನಿಂದ ನೀವು ನಿಲ್ಲುವ ಜಾಗದವರೆಗೆ. ಸೋಫಾವರೆಗೆ ಅಳೆಯಬೇಡಿ, ಕೈಕಾಲು ಬೀಸಲು ನಿಮ್ಮ ಹಿಂದೆಯೂ ಒಂದೆರಡು ಅಡಿ ಬಿಡಬೇಕಾಗುತ್ತದೆ. ನಡುವೆ ಟೀಪಾಯಿ ಇದ್ದರೆ ಎತ್ತಿಡಿ. ಕಿಟಕಿಯಿಂದ ನೇರ ಬಿಸಿಲು ಬೀಳುತ್ತಿದ್ದರೆ ಪರದೆ ಎಳೆಯಿರಿ, ಬಿಸಿಲಿನಲ್ಲೂ ಅವಗೆಂಪು ಕಿರಣ ಧಾರಾಳವಾಗಿ ಇರುತ್ತದೆ, ಸೆನ್ಸರಿನ ಸ್ವಂತ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಅವಗೆಂಪನ್ನು ಹೀರುವ ಕಡು ಬಣ್ಣದ ಬಟ್ಟೆ, ಗಾಜಿನ ಮೇಜು, ಮಂಡಿ ಮುಚ್ಚುವ ಸಡಿಲ ಉಡುಪು, ಒಬ್ಬರ ಮುಂದೆ ಒಬ್ಬರು ಅಡ್ಡ ಬರುವುದು, ಇವೆಲ್ಲ ಅದನ್ನು ದಾರಿ ತಪ್ಪಿಸುತ್ತವೆ.

ಎಷ್ಟು ಸರಿಯಾಗಿ ಇಟ್ಟರೂ ಹೋಗದ ಒಂದು ತೊಂದರೆ ಇದೆ, ಅದು ತಡ. ಕ್ಯಾಮೆರಾದ ಒಂದು ಚಿತ್ರಕ್ಕೇ 33 ಮಿಲಿಸೆಕೆಂಡ್ ಬೇಕು. ಅದರಿಂದ ಕೀಲುಗಳನ್ನು ಹುಡುಕಲು ಇನ್ನಷ್ಟು, ಆಟ ಹೊಸ ಚಿತ್ರ ಬಿಡಿಸಲು ಮತ್ತಷ್ಟು, ಕೊನೆಗೆ ಟಿವಿಯದೇ ವಿಳಂಬ. ಎಲ್ಲ ಕೂಡಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ದಾಟುವುದು ಸುಲಭ. ಗುಂಡಿ ಒತ್ತಿದರೆ ಈ ಸರಪಳಿಯ ಮೊದಲ ಎರಡು ಕೊಂಡಿಗಳೇ ಇರುವುದಿಲ್ಲ. ಕಿನೆಕ್ಟಿನಲ್ಲಿ ಕುಣಿತದ ಆಟಗಳು ಗೆದ್ದು, ಗುದ್ದಾಟದ ಆಟಗಳು ಸೋತದ್ದು ಇದೇ ಕಾರಣಕ್ಕೆ. ಕುಣಿತದಲ್ಲಿ ಮುಂದಿನ ಹೆಜ್ಜೆ ಯಾವುದು ಎಂದು ನಿಮಗೂ ಆಟಕ್ಕೂ ಮೊದಲೇ ಗೊತ್ತು, ತಾಳ ನಿಶ್ಚಿತ, ನೂರು ಮಿಲಿಸೆಕೆಂಡ್ ತಡವನ್ನು ಅಂಕ ಕೊಡುವಾಗ ಕಳೆದುಬಿಡಬಹುದು. ಎದುರಾಳಿಯ ಗುದ್ದಿಗೆ ತಕ್ಷಣ ಬಾಗಬೇಕಾದಲ್ಲಿ ಹಾಗೆ ಕಳೆಯುವುದಾಗದು. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ತಡ ಒಂದಷ್ಟು ಕಡಿಮೆಯಾಗುತ್ತದೆ. ಕಿನೆಕ್ಟನ್ನು ಬೈಯುವ ಮೊದಲು ಅದನ್ನು ನೋಡಿ.

ಈಗ ಕನ್ಸೋಲ್ ಜೊತೆಗೇ ಕಟ್ಟಿಕೊಡುವ ವಿಚಾರಕ್ಕೆ ಬರೋಣ. ಬಿಡಿಯಾಗಿ ಮಾರಿದರೆ ನೂರು ಮನೆಯಲ್ಲಿ ಹತ್ತಿಪ್ಪತ್ತು ಮನೆಯವರು ಕೊಂಡಾರು. ಅಷ್ಟು ಜನಕ್ಕಾಗಿ ಯಾವ ಸ್ಟುಡಿಯೋ ದೊಡ್ಡ ಆಟ ಮಾಡುವುದಿಲ್ಲ. ಆಟ ಇಲ್ಲದ್ದರಿಂದ ಇನ್ನಾರೂ ಕೊಳ್ಳುವುದಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಹಾಕಿಬಿಟ್ಟರೆ ಈ ಗಂಟು ಬಿಚ್ಚುತ್ತದೆ ಅನ್ನುವುದು ಮೈಕ್ರೋಸಾಫ್ಟಿನ ವಾದ. ವಾದ ತಪ್ಪಲ್ಲ. 2006ರಲ್ಲಿ ನಿಂಟೆಂಡೋ ಇದನ್ನೇ ಮಾಡಿ ಗೆದ್ದಿತ್ತು.

ಆದರೆ ನಿಂಟೆಂಡೋ ಹೇಗೆ ಮಾಡಿತು ನೋಡಿ. ವೀ ಕನ್ಸೋಲಿನ ಬೆಲೆ ಅಮೆರಿಕದಲ್ಲಿ 249 ಡಾಲರ್ 99 ಸೆಂಟ್. ಅದೇ ವಾರ ಬಂದ ಪ್ಲೇಸ್ಟೇಷನ್ 3ಕ್ಕೆ 499 ಮತ್ತು 599. ಕೈಯಲ್ಲಿ ಹಿಡಿದು ಬೀಸುವ ರಿಮೋಟಿಗಾಗಿ ನಿಂಟೆಂಡೋ ಬೆಲೆ ಏರಿಸಲಿಲ್ಲ, ಒಳಗಿನ ಚಿಪ್ಪಿನಲ್ಲಿ ಉಳಿಸಿತು. ತನ್ನ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬಿನ ಚಿಪ್ಪನ್ನೇ ಒಂದಿಷ್ಟು ಚುರುಕು ಮಾಡಿ ಹಾಕಿತ್ತು. ಎಚ್‌ಡಿ ಚಿತ್ರ ಇಲ್ಲವೇ ಇಲ್ಲ. ರಿಮೋಟಿನೊಳಗೂ ದುಬಾರಿ ಭಾಗ ಅಂತ ಏನಿಲ್ಲ. ವೇಗದ ಏರಿಳಿತ ಅಳೆಯುವ ಒಂದು ಚಿಪ್, ಮೂತಿಯಲ್ಲಿ ಒಂದು ಪುಟ್ಟ ಅವಗೆಂಪು ಕ್ಯಾಮೆರಾ. ಟಿವಿಯ ಮೇಲೆ ಇಡುವ ಸೆನ್ಸರ್ ಬಾರ್ ಎಂಬುದು ಹೆಸರಿಗಷ್ಟೇ ಸೆನ್ಸರ್. ಅದರ ಎರಡು ತುದಿಗಳಲ್ಲಿ ಅವಗೆಂಪು ದೀಪಗಳಿವೆ, ಬೇರೇನೂ ಇಲ್ಲ. ನೋಡುವುದು ರಿಮೋಟ್. ಬಾರ್ ಕೆಟ್ಟಾಗ ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದವರಿದ್ದಾರೆ, ಆಟ ನಡೆಯುತ್ತದೆ. ಬೆಂಕಿಯ ವಿಷಯ, ಮಕ್ಕಳಿರುವ ಮನೆಯಲ್ಲಿ ಈ ಪ್ರಯೋಗ ಬೇಡ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ವೀ ಪೆಟ್ಟಿಗೆಯಲ್ಲಿ ಅಮೆರಿಕದವರಿಗೆ ವೀ ಸ್ಪೋರ್ಟ್ಸ್ ಡಿಸ್ಕ್ ಸಿಗುತ್ತಿತ್ತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ರಿಮೋಟ್ ಯಾಕೆ ಬೇಕು ಎಂಬ ಪ್ರಶ್ನೆಗೆ ಪೆಟ್ಟಿಗೆ ಬಿಚ್ಚಿದ ಹತ್ತು ನಿಮಿಷದಲ್ಲಿ ಉತ್ತರ. ಕಿನೆಕ್ಟಿನ ವಿಷಯದಲ್ಲಿ ಮಾತ್ರ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಅದಕ್ಕೆಂದೇ ಮೈಕ್ರೋಸಾಫ್ಟ್ ಮಾಡಿಸಿದ ಮುಖ್ಯ ಆಟ ಕಿನೆಕ್ಟ್ ಸ್ಪೋರ್ಟ್ಸ್ ರೈವಲ್ಸ್ ಅಂಗಡಿಗೆ ಬಂದದ್ದು 2014ರ ಏಪ್ರಿಲಿನಲ್ಲಿ. ಕನ್ಸೋಲ್ ಕೊಂಡವರು ಅಷ್ಟರಲ್ಲಿ ನಾಲ್ಕೂವರೆ ತಿಂಗಳು ಕಾದಿದ್ದರು. ಆವರೆಗೆ ಕಿನೆಕ್ಟಿನಿಂದ ದಿನಾ ಆಗುತ್ತಿದ್ದ ಕೆಲಸ ಎಂದರೆ ಬಾಯಲ್ಲಿ ಹೇಳಿ ಕನ್ಸೋಲ್, ಟಿವಿ, ಸೆಟ್‌ಟಾಪ್ ಬಾಕ್ಸ್ ಆನ್ ಮಾಡುವುದು, ಮುಖ ತೋರಿಸಿ ಲಾಗಿನ್ ಆಗುವುದು. ಅನುಕೂಲವೇ, ಇಲ್ಲ ಅನ್ನುವುದಿಲ್ಲ. ನೂರು ಡಾಲರಿನ ಅನುಕೂಲವಲ್ಲ.

ಅದರ ಮೇಲೆ ಕಾಣದ ಒಂದು ತೆರಿಗೆಯೂ ಇತ್ತು. ಎಕ್ಸ್‌ಬಾಕ್ಸ್ ಒನ್ನಿನ ಗ್ರಾಫಿಕ್ಸ್ ಚಿಪ್ಪಿನ ಸಾಮರ್ಥ್ಯ 1.31 ಟೆರಾಫ್ಲಾಪ್, ಪ್ಲೇಸ್ಟೇಷನ್ 4ರದು 1.84. ಒಂದು ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಮೊದಲೇ ಹಿಂದಿರುವ ಇದರಲ್ಲೂ ನೂರಕ್ಕೆ ಹತ್ತರಷ್ಟನ್ನು ಕಿನೆಕ್ಟಿಗೂ ವ್ಯವಸ್ಥೆಯ ಇತರ ಕೆಲಸಗಳಿಗೂ ಎಂದು ಎತ್ತಿಡಲಾಗಿತ್ತು. ಗುಂಡಿ ಒತ್ತಿ ಆಡುವ ಆಟದಲ್ಲೂ, ಕಿನೆಕ್ಟ್ ಕಡೆ ತಿರುಗಿಯೂ ನೋಡದವರ ಮನೆಯಲ್ಲೂ ಆ ಪಾಲು ಆಟಕ್ಕೆ ಸಿಗುತ್ತಿರಲಿಲ್ಲ. ಒಂದೇ ಆಟ ಎರಡು ಕನ್ಸೋಲಿಗೂ ಬಂದಾಗ ಎಷ್ಟೋ ಸಲ ಹೆಚ್ಚು ದುಡ್ಡು ಕೊಟ್ಟವರ ಟಿವಿಯಲ್ಲೇ ಚಿತ್ರ ಮಸುಕು. ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗೆ ಇದನ್ನು ಹೇಗೆ ಸಮಜಾಯಿಷಿ ಮಾಡುವುದು?

ಮೈಕ್ರೋಸಾಫ್ಟ್ ಗಟ್ಟಿಯಾಗಿ ನಿಂತಿದ್ದರೆ ಏನಾಗುತ್ತಿತ್ತೋ ಹೇಳಲಾಗದು, ಅದು ನಿಲ್ಲಲಿಲ್ಲ. ಸೆನ್ಸರ್ ಸಿಕ್ಕಿಸದಿದ್ದರೆ ಕನ್ಸೋಲ್ ನಡೆಯುವುದೇ ಇಲ್ಲ ಎಂದು ಮೊದಲು ಹೇಳಿತ್ತು. ಮನೆಯೊಳಗೆ ಸದಾ ಕಿವಿ ತೆರೆದಿರುವ ಯಂತ್ರ ಯಾರಿಗೆ ಬೇಕು ಎಂಬ ಗದ್ದಲ ಎದ್ದಮೇಲೆ 2013ರ ಆಗಸ್ಟಿನಲ್ಲಿ, ಸಿಕ್ಕಿಸದಿದ್ದರೂ ನಡೆಯುತ್ತದೆ ಅಂದಿತು. ವಾದದ ಕಂಬ ಅಲ್ಲಿಗೇ ಅಲ್ಲಾಡಿತು. ಇಲ್ಲದೆಯೂ ನಡೆಯುವ ವಸ್ತುವಿಗೆ ಕಡ್ಡಾಯ ಬೆಲೆ ಯಾಕೆ? 2014ರ ಮೇ 13ರಂದು ಕಿನೆಕ್ಟ್ ಇಲ್ಲದ 399 ಡಾಲರಿನ ಎಕ್ಸ್‌ಬಾಕ್ಸ್ ಒನ್ ಘೋಷಣೆಯಾಯಿತು, ಜೂನ್ 9ರಿಂದ ಮಾರಾಟ. ಬಿಡುಗಡೆಯಾಗಿ ಏಳು ತಿಂಗಳೂ ತುಂಬಿರಲಿಲ್ಲ. ಒಂದು ದೊಡ್ಡ ಆಟ ಮಾಡಲು ಎರಡು ಮೂರು ವರ್ಷ ಹಿಡಿಯುತ್ತದೆ, ಅಂದರೆ ಸ್ಟುಡಿಯೋಗಳು ಕೆಲಸಕ್ಕೆ ಕೈಹಚ್ಚುವ ಹೊತ್ತಿಗೇ ಪ್ರತಿ ಮನೆಯಲ್ಲೂ ಕಿನೆಕ್ಟ್ ಎಂಬ ಮಾತು ಬಿದ್ದುಹೋಯಿತು. ಅದೇ ಜೂನಿನಲ್ಲಿ ಎತ್ತಿಟ್ಟಿದ್ದ ಹತ್ತು ಪಾಲನ್ನೂ ಬೇಕಾದ ಆಟಗಳಿಗೆ ಬಿಟ್ಟುಕೊಟ್ಟರು. ಅಕ್ಟೋಬರಿನಲ್ಲಿ ಕಿನೆಕ್ಟನ್ನು ಬಿಡಿಯಾಗಿ ಮಾರಲು ಇಟ್ಟರು, ಬೆಲೆ 150 ಡಾಲರ್. ಜೊತೆಗಿದ್ದಾಗ ನೂರು, ಬಿಡಿಯಾಗಿ ನೂರೈವತ್ತು, ಆಡಲು ಆಟಗಳು ಬೆರಳೆಣಿಕೆ.

ಕಿನೆಕ್ಟಿನ ಪರವಾಗಿ ಒಂದು ಲೆಕ್ಕ ಹೇಳಲೇಬೇಕು. ವೀಯಲ್ಲಿ ನಾಲ್ವರು ಆಡಲು ಇನ್ನೂ ಮೂರು ರಿಮೋಟ್ ಬೇಕು. ಒಂದಕ್ಕೆ 40 ಡಾಲರ್, ಮೂರಕ್ಕೆ 120. ಇನ್ನೊಂದು ಕೈಯಲ್ಲಿ ಹಿಡಿಯುವ ನಂಚಕ್ ಎಂಬ ಜೋಡಿ ಸಾಧನವೂ ಬೇಕಾದ ಆಟವಾದರೆ ತಲಾ 20 ಸೇರಿ 180. ಕಿನೆಕ್ಟಿನ ಮುಂದೆ ಆ ನಾಲ್ವರೂ ನಿಂತರೂ ಒಂದು ಪೈಸೆ ಹೆಚ್ಚಿಗೆ ಇಲ್ಲ. ಕುಣಿತ, ವ್ಯಾಯಾಮ ಇಷ್ಟಕ್ಕೇ ಕನ್ಸೋಲ್ ಕೊಳ್ಳುವ ಮನೆಗೆ, ಜಾಗವೂ ಇದ್ದರೆ, ಆ ನೂರು ಡಾಲರ್ ಸೋವಿಯೇ.

ಹಾಗಾಗಿ ಯಾವುದೇ ಕನ್ಸೋಲ್ ಹೀಗೆ ಏನನ್ನಾದರೂ ಕಟ್ಟಿಕೊಂಡು ಬಂದಾಗ, ಆ ಜೋಡಿಕೆಯನ್ನು ಮನಸ್ಸಿನಲ್ಲೇ ಹೊರಗೆ ತೆಗೆದಿಡಿ. ಅಷ್ಟೇ ದುಡ್ಡಿಗೆ ಅದೊಂದನ್ನೇ ಮಾರಿದ್ದರೆ ಕೊಳ್ಳುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಬರಲಿರುವ ಆಟಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಇವತ್ತು ಅಂಗಡಿಯಲ್ಲಿ ಇರುವುದನ್ನು ಮಾತ್ರ ಎಣಿಸಿ. ಟೇಪು ಹಿಡಿದು ಕೋಣೆ ಅಳೆಯಿರಿ. ಅದಿಲ್ಲದೆ ಕನ್ಸೋಲ್ ನಡೆಯುತ್ತದೆಯೇ ಎಂದೂ ವಿಚಾರಿಸಿ. ನಡೆಯುತ್ತದೆ ಎಂದಾದರೆ ಅದಿಲ್ಲದ ಪೆಟ್ಟಿಗೆ ಇಂದಲ್ಲ ನಾಳೆ ಬರುತ್ತದೆ, ಅವಸರ ಬೇಡ.

ಈಗ ಸೆಕೆಂಡ್ ಹ್ಯಾಂಡ್ ಕಿನೆಕ್ಟ್ ಹುಡುಕುವವರಿಗೆ ಒಂದು ಮಾತು. ಅದರ ಕೇಬಲಿನ ತುದಿ ಮಾಮೂಲಿ ಯುಎಸ್‌ಬಿಯಲ್ಲ, 2013ರ ಮೂಲ ಎಕ್ಸ್‌ಬಾಕ್ಸ್ ಒನ್ನಿನ ಹಿಂಭಾಗದಲ್ಲಿರುವ ಕಿಂಡಿಗೆ ಮಾತ್ರ ನೇರವಾಗಿ ಕೂರುತ್ತದೆ. 2016ರ ಒನ್ ಎಸ್, 2017ರ ಒನ್ ಎಕ್ಸ್ ಎರಡರಲ್ಲೂ ಆ ಕಿಂಡಿಯೇ ಇಲ್ಲ, ಬೇರೆ ವಿದ್ಯುತ್ ಪೂರೈಕೆ ಇರುವ ಅಡಾಪ್ಟರ್ ಬೇಕು. ಕಿನೆಕ್ಟ್ ತಯಾರಿಕೆ 2017ರ ಅಕ್ಟೋಬರಿನಲ್ಲಿ ನಿಂತಿತು, ಅಡಾಪ್ಟರಿನದು ಅದಾದ ಕೆಲವೇ ತಿಂಗಳಿಗೆ. ಸೆನ್ಸರ್ ಸುಲಭಕ್ಕೆ ಸಿಗುತ್ತದೆ, ಅಡಾಪ್ಟರ್ ಸಿಗುವುದು ಕಷ್ಟ. ಮೊದಲು ಅಡಾಪ್ಟರ್ ಕೈಗೆ ಬರಲಿ, ಆಮೇಲೆ ಸೆನ್ಸರಿಗೆ ದುಡ್ಡು ಕೊಡಿ.

ನಮಸ್ಕಾರ.