ಅಡಿಕೆ ಡ್ರೈಯರ್ ಮತ್ತು ಅದರೊಳಗಿನ ಎಲೆಕ್ಟ್ರಾನಿಕ್ ವಾಲ್ವ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಈ ಸಭೆಯಲ್ಲಿ ಪಾಲಿಟೆಕ್ನಿಕ್ ಹುಡುಗ ಹುಡುಗಿಯರಿದ್ದೀರಿ, ಫ್ರಿಜ್ ಮತ್ತು ಎ.ಸಿ. ರಿಪೇರಿ ಮಾಡುವವರಿದ್ದೀರಿ, ಹಿಂದಿನ ಸಾಲಿನಲ್ಲಿ ಅಡಿಕೆ ತೋಟದವರೂ ಇದ್ದೀರಿ. ನಿಮ್ಮೆಲ್ಲರಿಗೂ ಬೇಕಾದ ಒಂದು ಭಾಗದ ಬಗ್ಗೆ ಮಾತಾಡುತ್ತೇನೆ: ಒಂದು ಕಡೆಯ ಶಾಖ ಎತ್ತಿ ಇನ್ನೊಂದು ಕಡೆಗೆ ಕೊಡುವ ಹೀಟ್ ಪಂಪ್‌ನಲ್ಲಿ ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವ್.

ಅಡಿಕೆ ಕೊನೆ (ಗೊನೆ) ತೆಗೆಯುವ ಹೊತ್ತಿಗೆ ಮಳೆ ಬಿಟ್ಟಿರುತ್ತದೆ ಎಂದು ಮಲೆನಾಡಿನಲ್ಲಿ ಯಾರೂ ಧೈರ್ಯವಾಗಿ ಹೇಳಲಾರರು. ಬೇಯಿಸಿದ ಅಡಿಕೆ ಬಿಸಿಲಿಲ್ಲದೆ ತಟ್ಟಿಯ ಮೇಲೆ ಉಳಿದರೆ ಬೂಸ್ಟು ಹಿಡಿಯುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಅದಕ್ಕೇ ಡ್ರೈಯರ್. ಹೀಟ್ ಪಂಪ್ ಡ್ರೈಯರ್‌ನಲ್ಲಿ ಅಡಿಕೆಯ ತೇವ ಹೊತ್ತ ಗಾಳಿ ಮೊದಲು ತಣ್ಣನೆಯ ಕಾಯಿಲ್ ಮೇಲೆ ಹಾಯ್ದು ನೀರು ಬಿಡುತ್ತದೆ. ಆಮೇಲೆ ಬಿಸಿ ಕಾಯಿಲ್ ಮೇಲೆ ಹಾಯ್ದು ಮತ್ತೆ ಕೋಣೆಗೆ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ಶಾಖ ಬೇಕು. ಬರೀ ಹೀಟರ್ ಹಾಕಿ ತೇವದ ಗಾಳಿಯನ್ನು ಹೊರಗೆ ಬಿಟ್ಟರೆ ಆ ಶಾಖ ಹೋಯಿತು. ಇಲ್ಲಿ ಆವಿ ನೀರಾಗುವಾಗ ಅದು, ಕಂಪ್ರೆಸರ್ ಒತ್ತಿ ಕಾಯಿಲ್‌ಗಳೊಳಗೆ ಸುತ್ತಿಸುವ ಗ್ಯಾಸಿಗೆ ವಾಪಸ್ ಸಿಗುತ್ತದೆ.

ಈ ಎರಡು ಕಾಯಿಲ್‌ಗಳ ನಡುವೆ ವಾಲ್ವ್ ಇರುತ್ತದೆ. ಆರ್134ಎ ಗ್ಯಾಸಿನ ಡ್ರೈಯರ್ ತಗೊಳ್ಳಿ. ಗ್ಯಾಸು ಬಿಸಿ ಕಾಯಿಲ್‌ನಲ್ಲಿ 60 ಡಿಗ್ರಿಗೆ ದ್ರವವಾಗುತ್ತಿದ್ದರೆ ಒತ್ತಡ ಸುಮಾರು 17 ಬಾರ್. ತಣ್ಣನೆಯ ಕಾಯಿಲ್‌ನಲ್ಲಿ 20 ಡಿಗ್ರಿಗೆ ಕುದಿಯುತ್ತಿದ್ದರೆ 6 ಬಾರ್‌ಗಿಂತ ಕಡಿಮೆ. ಅಷ್ಟು ಇಳಿಯುವುದು ವಾಲ್ವ್‌ನ ಒಂದು ಸಣ್ಣ ತೂತಿನಲ್ಲಿ. 10 ಕಿಲೋವ್ಯಾಟ್ ಶಾಖ ಹೀರಬೇಕಾದರೆ ನಿಮಿಷಕ್ಕೆ ಸುಮಾರು 5 ಕೆಜಿ ಗ್ಯಾಸು ಅದರಿಂದ ದಾಟಬೇಕು.

ಇದು ಅಡಿಕೆ ಹಸಿಯಾಗಿರುವಾಗಿನ ಲೆಕ್ಕ. ಕೊನೆಕೊನೆಗೆ ಒಳಗಿನ ತೇವ ನಿಧಾನವಾಗಿ ಹೊರಬರುತ್ತದೆ. ಕಾಯಿಲ್‌ಗೆ ಕೆಲಸ ಕಡಿಮೆಯಾಗುತ್ತದೆ. ಇನ್ವರ್ಟರ್ ಕಂಪ್ರೆಸರ್ ಆದರೆ ಅದೂ ವೇಗ ಇಳಿಸುತ್ತದೆ. ಆಗ ಬೇಕಾದ ಹರಿವು ಅರ್ಧಕ್ಕಿಂತ ಕೆಳಗೆ ಹೋಗಬಹುದು. ವಾಲ್ವ್ ಬದಲು ಹಾಕುವ ಸಣ್ಣ ಕೊಳವೆ, ಕ್ಯಾಪಿಲರಿ ಟ್ಯೂಬ್‌ನಲ್ಲಿ ಹೊಂದಿಸಲು ಏನೂ ಇಲ್ಲ. ಕಾಯಿಲ್‌ನ ಹೊರದಾರಿಯ ಬಿಸಿ ನೋಡುವ ಬಲ್ಬ್ ಇರುವ ಹಳೆಯ ವಾಲ್ವ್ ಒಂದಷ್ಟು ಹೊಂದಿಕೊಳ್ಳುತ್ತದೆ, ಆದರೆ ಹೊರೆ ತೀರಾ ಕಡಿಮೆಯಾದಾಗ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಬಿಡುತ್ತಾ ಹಂಟಿಂಗ್ ಶುರು ಮಾಡುತ್ತದೆ. ಅದಕ್ಕೇ ನಾನು ಹೇಳೋದು, ವಾಲ್ವ್‌ನ ವಿನ್ಯಾಸ ಅತಿ ಕಡಿಮೆ ಹರಿವಿನ ಲೆಕ್ಕದಿಂದ ಶುರುವಾಗಬೇಕು.

ಎಲೆಕ್ಟ್ರಾನಿಕ್ ವಾಲ್ವ್‌ನಲ್ಲಿ ತೂತಿನೊಳಗೆ ಒಂದು ಸೂಜಿ ಇರುತ್ತದೆ. ಒಂದೊಂದೇ ಹೆಜ್ಜೆ (ಸ್ಟೆಪ್) ತಿರುಗುವ ಸ್ಟೆಪರ್ ಮೋಟರ್ ಸ್ಕ್ರೂ ತಿರುಗಿಸಿ ಅದನ್ನು ಮೇಲೆ ಕೆಳಗೆ ಮಾಡುತ್ತದೆ. ಪೂರ್ತಿ ಮುಚ್ಚಿದಲ್ಲಿಂದ ಪೂರ್ತಿ ತೆರೆಯಲು ಅನೇಕ ವಾಲ್ವ್‌ಗಳಲ್ಲಿ 480 ಅಥವಾ 500 ಸ್ಟೆಪ್. ಅಯಸ್ಕಾಂತದ ರೋಟರ್ ಮುಚ್ಚಿದ ಲೋಹದ ಡಬ್ಬಿಯೊಳಗೆ, ಗ್ಯಾಸಿನಲ್ಲೇ ತಿರುಗುತ್ತದೆ. ವೈಂಡಿಂಗ್ ಮಾತ್ರ ಹೊರಗೆ. ಗೋಡೆ ದಾಟಿ ಬರುವ ಶಾಫ್ಟ್ ಇಲ್ಲ, ಆದ್ದರಿಂದ ಅಲ್ಲಿ ಗ್ಯಾಸ್ ಸೋರುವ ಸೀಲೂ ಇಲ್ಲ. ಎಷ್ಟು ಸಲ ಬಿಚ್ಚಿ ನೋಡಿದರೂ ನನಗೆ ಖುಷಿ ಕೊಡುವ ಯೋಚನೆ ಇದು.

ಕಷ್ಟವಿರುವುದು ಸೂಜಿಯ ತುದಿಯಲ್ಲಿ. ಹರಿವು ಸ್ಟೆಪ್‌ಗೆ ಸರಿಸಮನಾಗಿ ಏರುವಂತೆ ತುದಿ ಕಡೆದಿದ್ದೀರಿ ಅಂದುಕೊಳ್ಳಿ. 400ನೇ ಸ್ಟೆಪ್‌ನಲ್ಲಿ ಒಂದು ಸ್ಟೆಪ್ ಸರಿಸಿದರೆ ಆಗಿನ ಹರಿವು ಶೇ. 0.25ರಷ್ಟು ಬದಲಾಗುತ್ತದೆ. 50ನೇ ಸ್ಟೆಪ್‌ನಲ್ಲಿ ಅದೇ ಒಂದು ಸ್ಟೆಪ್ ಶೇ. 2 ಬದಲಿಸುತ್ತದೆ. ಎಂಟು ಪಟ್ಟು ಒರಟು! ಆದ್ದರಿಂದ ಕೆಳಗಿನ ಸ್ಟೆಪ್‌ಗಳಲ್ಲಿ ಹರಿವು ನಿಧಾನವಾಗಿ, ಮೇಲೆ ಬೇಗ ಏರುವಂತೆ ತುದಿಗೆ ರೂಪ ಕೊಡಬೇಕು. ವಾಲ್ವ್ ಆರಿಸುವವರು "ಇರಲಿ, ದೊಡ್ಡದೇ ಹಾಕಿಬಿಡೋಣ" ಅನ್ನುತ್ತಾರಲ್ವಾ, ಅಲ್ಲೇ ಈ ಕೆಲಸವೆಲ್ಲ ಹಾಳಾಗುವುದು. ತೋಟದ ಗೇಟ್ ವಾಲ್ವ್ ತಿರುಗಿಸಿ ಲೋಟ ತುಂಬಿಸಲು ಹೋದ ಹಾಗಾಗುತ್ತದೆ.

ಎಷ್ಟು ತೆರೆಯಬೇಕು ಎಂದು ಹೇಳುವುದು ಸೂಪರ್‌ಹೀಟ್. ಗ್ಯಾಸು ಪೂರ್ತಿ ಆವಿಯಾದ ಮೇಲೆ ಇನ್ನೆಷ್ಟು ಡಿಗ್ರಿ ಬಿಸಿಯಾಯಿತು ಎಂಬ ಲೆಕ್ಕ ಅದು. ತಣ್ಣನೆಯ ಕಾಯಿಲ್‌ನ ಹೊರದಾರಿಯಲ್ಲಿ ಒತ್ತಡ ಮತ್ತು ಉಷ್ಣತೆ ಅಳೆದು ತಿಳಿಯುತ್ತಾರೆ. ಸಾಮಾನ್ಯವಾಗಿ 5ರಿಂದ 8 ಡಿಗ್ರಿ ಇಡುತ್ತಾರೆ. ಜಾಸ್ತಿಯಾದರೆ ಕಾಯಿಲ್‌ನ ಒಂದು ಭಾಗ ಸುಮ್ನೆ ಇರುತ್ತದೆ. ತೀರಾ ಕಡಿಮೆಯಾದರೆ ದ್ರವ ಕಂಪ್ರೆಸರ್‌ಗೆ ನುಗ್ಗಿ ಆಯಿಲ್ ತೊಳೆದು, ಒಳಗಿನ ಭಾಗಗಳನ್ನು ಮುರಿಯಬಹುದು.

ಮೆಕ್ಯಾನಿಕ್ ಅಣ್ಣಂದಿರಿಗೆ ಒಂದು ಮಾತು. ಬ್ರೇಜಿಂಗ್ (ಪೈಪ್ ಬೆಸುಗೆ) ಮಾಡುವಾಗ ವಾಲ್ವ್‌ಗೆ ಒದ್ದೆ ಬಟ್ಟೆ ಸುತ್ತಿ, ಪೈಪಿನಲ್ಲಿ ನೈಟ್ರೋಜನ್ ಹರಿಸಿ. ಇಲ್ಲದಿದ್ದರೆ ಒಳಗಿನ ಕಪ್ಪು ಚಕ್ಕೆ ಎದ್ದು ಸೂಜಿಗೆ ಸಿಕ್ಕುತ್ತದೆ. ಕಂಪ್ರೆಸರ್‌ಗೆ ಹಾಕುವ ಪಿಒಇ ಆಯಿಲ್ ಗಾಳಿಯ ತೇವ ಹೀರುತ್ತದೆ. ಜಡಿಮಳೆಯಲ್ಲಿ ಆಯಿಲ್ ಡಬ್ಬಿ ತೆರೆದಿಡಬೇಡಿ.

ಇನ್ನು ಕರೆಂಟ್ ಹೋಗುವ ವಿಷಯ. ನಮ್ಮ ಕಡೆ ಮಳೆಗಾಲದಲ್ಲಿ ಇದನ್ನು ವಿನ್ಯಾಸದಲ್ಲೇ ಸೇರಿಸಬೇಕು. ಸ್ಟೆಪರ್ ವಾಲ್ವ್ ಕರೆಂಟ್ ಹೋದಾಗ ಇದ್ದಲ್ಲೇ ನಿಲ್ಲುತ್ತದೆ, ಅಂದರೆ ತೆರೆದೇ ಇರುತ್ತದೆ. ಬಿಸಿ ಕಡೆಯ ದ್ರವ ತಣ್ಣನೆಯ ಕಡೆಗೆ ಹರಿದು ಸೇರುತ್ತದೆ. ಕರೆಂಟ್ ಬಂದ ತಕ್ಷಣ ಕಂಪ್ರೆಸರ್ ಅದನ್ನೇ ಎಳೆಯಬಹುದು. ಸಾಮಾನ್ಯ ವಾಲ್ವ್‌ನಲ್ಲಿ ಸೂಜಿ ಎಲ್ಲಿದೆ ಎಂದು ಅಳೆಯುವ ಸೆನ್ಸರ್ ಇರುವುದಿಲ್ಲ. ಹಾಗಾಗಿ ಡ್ರೈವರ್ (ಮೋಟರ್ ನಡೆಸುವ ಸರ್ಕ್ಯೂಟ್) ಮೊದಲು ಮುಚ್ಚುವ ಕಡೆಗೆ ಬೇಕಾದ್ದಕ್ಕಿಂತ ಜಾಸ್ತಿ ಸ್ಟೆಪ್ ಕೊಟ್ಟು ಸೊನ್ನೆ ಹಿಡಿಯುತ್ತದೆ. ಅದು ಮುಗಿಯುವ ತನಕ ಕಂಪ್ರೆಸರ್ ತಡೆದಿಡಬೇಕು. ಅದಕ್ಕಿಂತ ಒಳ್ಳೆಯದು, ಕರೆಂಟ್ ಹೋದಾಗ ತಾನೇ ಮುಚ್ಚುವ ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದ) ವಾಲ್ವ್ ಹಾಕುವುದು. ಇಲ್ಲವೇ, ಸೂಜಿ ಮುಚ್ಚುವಷ್ಟು ಶಕ್ತಿ ಹಿಡಿದಿಡುವ ಸೂಪರ್ ಕೆಪಾಸಿಟರ್ ಇರುವ ಡ್ರೈವರ್ ಕೊಳ್ಳುವುದು. ತೋಟದವರು ಡ್ರೈಯರ್ ಕೊಳ್ಳುವಾಗ ಇವೆರಡರಲ್ಲಿ ಯಾವುದಿದೆ ಎಂದು ಕೇಳಿ, ಉತ್ತರವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.