ಡ್ರ್ಯಾಗನ್‌ಗೆ ಊಟ ಹಾಕುವವರು ಯಾರು?

ಎಲ್ಲರಿಗೂ ನಮಸ್ಕಾರ. ಫ್ಯಾಂಟಸಿ ಬರೆಯಬೇಕು ಅನ್ನುವ ಆಸೆ ಇರುವ ಇಷ್ಟು ಜನ ಒಂದೇ ಕಡೆ ಸೇರಿದ್ದು ನೋಡಿ ನನಗೆ ತುಂಬಾ ಖುಷಿಯಾಗಿದೆ. ಇವತ್ತು ನಾನು ಮಾತಾಡುವುದು ಡ್ರ್ಯಾಗನ್‌ಗಳೂ ಮನುಷ್ಯರೂ ಒಟ್ಟಿಗೆ ಬದುಕುವ ಲೋಕಗಳ ಬಗ್ಗೆ.

ಡ್ರ್ಯಾಗನ್ ಕೊಂದ ವೀರರ ಕಥೆಗಳು ಬೇಕಾದಷ್ಟಿವೆ. ಒಂದು ಕಾಳಗ ಆಗುತ್ತದೆ, ಕಥೆ ಮುಗಿಯುತ್ತದೆ. ಆದರೆ ಕಾಳಗ ಇಲ್ಲದ ದಿನ ಏನು ನಡೆಯುತ್ತದೆ? ಆನೆಗಿಂತ ದೊಡ್ಡದಾದ, ಬೆಂಕಿ ಉಗುಳುವ, ಕೆಲವು ಕಥೆಗಳಲ್ಲಿ ನಮಗಿಂತ ಜಾಣನಾದ ಜೀವಿ ಪಕ್ಕದ ಗುಡ್ಡದಲ್ಲೇ ಇದೆ. ಅದಕ್ಕೆ ಊಟ ಹಾಕುವವರು ಯಾರು? ಅದು ಮಲಗುವ ಜಾಗ ಯಾರದ್ದು? ಅದು ಮಾತು ಕೊಟ್ಟರೆ ನಂಬಬಹುದಾ? ಇಂಥ ಲೋಕ ಕಟ್ಟಿದ ಒಳ್ಳೆಯ ಬರಹಗಾರರು ಈ ಪ್ರಶ್ನೆಗಳನ್ನು ತಪ್ಪಿಸಿಕೊಂಡು ಹೋಗಿಲ್ಲ. ಈ ಇಬ್ಬರ ನಡುವಿನ ಕೊಡುವ-ಕೊಳ್ಳುವ ಲೆಕ್ಕ ಗಟ್ಟಿಯಾಗಿದ್ದರೆ ಓದುಗರು ರೆಕ್ಕೆಯನ್ನೂ ನಂಬುತ್ತಾರೆ, ಬೆಂಕಿಯನ್ನೂ ನಂಬುತ್ತಾರೆ. ಲೆಕ್ಕ ಸಡಿಲವಾದರೆ ಪುಟಗಟ್ಟಲೆ ವರ್ಣನೆ ಬರೆದರೂ ಆ ಜೀವಿಗೆ ಜೀವ ಬರುವುದಿಲ್ಲ.

ಕೊಲ್ಲುವ ಕಥೆ ಅಂತ ನಾವು ಅಂದುಕೊಂಡಿರುವ ಕಡೆಯೂ ಈ ಲೆಕ್ಕ ಇರುತ್ತದೆ. ಹಳೆಯ ಇಂಗ್ಲಿಷಿನ ಬೇವುಲ್ಫ್ ಕಾವ್ಯ ನೋಡಿ. ಅದರ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಸುಮಾರು 1000ನೇ ಇಸವಿಯ ಹೊತ್ತಿನದು. ಅದರ ಕೊನೆಯಲ್ಲಿ ಬರುವ ಡ್ರ್ಯಾಗನ್ 300 ವರ್ಷ ಒಂದು ಸಮಾಧಿ ದಿಬ್ಬದೊಳಗೆ ನಿಧಿ ಕಾಯುತ್ತಾ ಮಲಗಿರುತ್ತದೆ. ಅಷ್ಟೂ ವರ್ಷ ಊರಿಗೆ ಅದರಿಂದ ತೊಂದರೆ ಆಯಿತು ಅಂತ ಕವಿ ಎಲ್ಲೂ ಹೇಳುವುದಿಲ್ಲ. ತಪ್ಪಿಸಿಕೊಂಡು ಓಡುತ್ತಿದ್ದ ಒಬ್ಬ ಒಳಗೆ ನುಗ್ಗಿ ಒಂದು ಬಟ್ಟಲು ಎತ್ತಿಕೊಂಡು ಹೋಗುತ್ತಾನೆ. ಒಂದೇ ಒಂದು ಬಟ್ಟಲು. ಡ್ರ್ಯಾಗನ್ ಎದ್ದು ದಿಬ್ಬದ ಸುತ್ತ ಹೆಜ್ಜೆ ಜಾಡು ಹುಡುಕುತ್ತದೆ. ಕತ್ತಲಾಗುವವರೆಗೆ ಕಾದು, ಆಮೇಲೆ ಮನೆಗಳಿಗೆ ಬೆಂಕಿ ಹಚ್ಚುತ್ತದೆ. 50 ವರ್ಷ ಆಳಿದ ಮುದುಕ ರಾಜ ಬೇವುಲ್ಫ್ ಅದರ ಜೊತೆ ಹೋರಾಡಿ ಸಾಯುತ್ತಾನೆ, ಅದೂ ಸಾಯುತ್ತದೆ. ನಮಗೆ ನೆನಪಿರುವುದು ಈ ಕಾಳಗ. ನನ್ನನ್ನು ಕಾಡುವುದು ಮಾತ್ರ ಆ 300 ವರ್ಷ. ಬರೆದಿಲ್ಲದ ಒಂದು ಒಪ್ಪಂದ ಅಷ್ಟು ದಿನ ನಡೆದುಕೊಂಡು ಬಂದಿತ್ತು, ಅಲ್ವಾ?

ಆ ಒಪ್ಪಂದವನ್ನೇ ಕಥೆಯ ನಡುಮನೆಗೆ ತಂದವರು ಆನ್ ಮೆಕ್ಯಾಫ್ರಿ. ಅವರ ಪರ್ನ್ ಲೋಕದ ಮೊದಲ ಕಥೆ 1967ರಲ್ಲಿ ಅನಲಾಗ್ ಪತ್ರಿಕೆಯಲ್ಲಿ ಬಂತು. ಮುಂದಿನ ವರ್ಷ ಅದಕ್ಕೆ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಸಿಕ್ಕಿತು. ಕಥೆ-ಕಾದಂಬರಿಗೆ ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ಪರ್ನ್ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಕಲಿಯುವುದು ಅಲ್ಲಿ ತುಂಬಾ ಇದೆ.

ಪರ್ನ್ ಒಂದು ಗ್ರಹ. ಮನುಷ್ಯರು ಯಾವುದೋ ಕಾಲದಲ್ಲಿ ಭೂಮಿಯಿಂದ ಹೋಗಿ ಅಲ್ಲಿ ನೆಲೆಸಿದವರು. ಪಕ್ಕದಲ್ಲಿ ಕೆಂಪು ನಕ್ಷತ್ರ ಅಂತ ಕರೆಯುವ ಇನ್ನೊಂದು ಗ್ರಹ ಸುತ್ತುತ್ತಿರುತ್ತದೆ. ಅದು ಹತ್ತಿರ ಬಂದಾಗ ಆಕಾಶದಿಂದ ಬೆಳ್ಳಿ ಬಣ್ಣದ ಎಳೆಗಳು ಬೀಳುತ್ತವೆ. ಅದಕ್ಕೆ ಥ್ರೆಡ್ ಅಂತ ಹೆಸರು. ಬಿದ್ದಲ್ಲಿ ಹುಲ್ಲು, ಬೆಳೆ, ದನ, ಮನುಷ್ಯ, ಜೀವ ಇರುವ ಯಾವುದನ್ನೂ ಅದು ಬಿಡುವುದಿಲ್ಲ. ಕಲ್ಲನ್ನು ಮಾತ್ರ ತಿನ್ನಲಾರದು, ನೀರಿನಲ್ಲಿ ಮುಳುಗಿ ಸಾಯುತ್ತದೆ. ಸುಮಾರು 50 ವರ್ಷ ಈ ಕಾಟ ಇರುತ್ತದೆ, ಆಮೇಲೆ ಸುಮಾರು 200 ವರ್ಷ ಬಿಡುವು. ಡ್ರ್ಯಾಗನ್‌ಗಳ ಕೆಲಸ ಥ್ರೆಡ್ ನೆಲ ಮುಟ್ಟುವ ಮೊದಲೇ ಆಕಾಶದಲ್ಲಿ ಅದನ್ನು ಸುಡುವುದು. ಬೆಂಕಿ ಅವುಗಳಿಗೆ ಸುಮ್ಮನೆ ಬರುವುದಿಲ್ಲ. ಒಂದು ಬಗೆಯ ಕಲ್ಲನ್ನು ಅಗಿದು ನುಂಗಬೇಕು. ಅದರಿಂದ ಹೊಟ್ಟೆಯಲ್ಲಿ ಹುಟ್ಟುವ ಅನಿಲ ಬಾಯಿಂದ ಹೊರಗೆ ಬರುತ್ತಲೇ ಹೊತ್ತಿಕೊಳ್ಳುತ್ತದೆ. ಕಲ್ಲಿನ ಚೀಲ ಹೊತ್ತು, ಹಾರುತ್ತಿರುವಾಗಲೇ ಅದರ ಬಾಯಿಗೆ ಕೊಡುವವನು ಬೆನ್ನ ಮೇಲೆ ಕೂತ ಸವಾರ. ನೋಡಿ, ಬೆಂಕಿಯೇ ಇಬ್ಬರು ಸೇರಿ ಮಾಡುವ ಕೆಲಸ ಆಯಿತು.

ಈಗ ಮರಿ ಹುಟ್ಟುವ ಗಳಿಗೆಗೆ ಬರೋಣ. ಬಿಸಿ ಮರಳಿನ ಮೇಲೆ ಮೊಟ್ಟೆಗಳು ಗಟ್ಟಿಯಾಗುತ್ತಿವೆ. ಬಿಳಿ ಬಟ್ಟೆ ಹಾಕಿಕೊಂಡ ಹುಡುಗರು ಸುತ್ತ ನಿಂತಿದ್ದಾರೆ, ಕಾಲು ಸುಡುತ್ತಿದೆ. ಚಿಪ್ಪು ಒಡೆದು ಮರಿ ಹೊರಗೆ ಬರುತ್ತದೆ. ಒದ್ದೆ ಮೈ, ಎತ್ತಲಾಗದ ರೆಕ್ಕೆ, ತಡೆಯಲಾಗದ ಹಸಿವು. ಅದು ತೂರಾಡುತ್ತಾ ಒಬ್ಬೊಬ್ಬರನ್ನೇ ದಾಟಿ ಬರುತ್ತದೆ. ಅಡ್ಡ ಬಂದವರಿಗೆ ಉಗುರು ತಾಗಿ ಗಾಯ ಆಗುವುದೂ ಉಂಟು. ಕೊನೆಗೆ ಒಬ್ಬನ ಮುಂದೆ ನಿಲ್ಲುತ್ತದೆ. ಆ ಕ್ಷಣಕ್ಕೆ ಅದರ ಮಾತು ಅವನ ಮನಸ್ಸಿನೊಳಗೆ ಕೇಳುತ್ತದೆ. ಅದು ತನ್ನ ಹೆಸರು ಹೇಳುತ್ತದೆ. ಆರಿಸುವುದು ಮರಿ, ಹುಡುಗ ಅಲ್ಲ. ಹೆಸರು ಕೂಡ ಅವನು ಇಡುವುದಲ್ಲ.

ಆಮೇಲೆ ಶುರುವಾಗುವುದು ಚಾಕರಿ. ಮಾಂಸ ಕತ್ತರಿಸಿ ತಿನ್ನಿಸಬೇಕು. ಸ್ನಾನ ಮಾಡಿಸಬೇಕು. ಮರಿ ಬೇಗ ಬೇಗ ಬೆಳೆಯುವುದರಿಂದ ಚರ್ಮ ಎಳೆದುಕೊಳ್ಳುತ್ತದೆ, ದಿನಾ ಎಣ್ಣೆ ಹಚ್ಚಿ ತಿಕ್ಕಬೇಕು. ಪರ್ನ್‌ನ ಡ್ರ್ಯಾಗನ್ ಒಂದು ಜಾಗದಿಂದ ಮಾಯವಾಗಿ ಇನ್ನೊಂದು ಜಾಗದಲ್ಲಿ ಮೂಡಬಲ್ಲದು, ಆದರೆ ನಡುವೆ ಹಾದುಹೋಗಬೇಕಾದ ಶೂನ್ಯದಲ್ಲಿ ಭಯಂಕರ ಚಳಿ. ಚರ್ಮದಲ್ಲಿ ಬಿರುಕಿದ್ದರೆ ಅಲ್ಲಿ ಜೀವಕ್ಕೇ ಅಪಾಯ. ಹಾಗಾಗಿ ಇವತ್ತು ಸೋಮಾರಿತನದಿಂದ ಎಣ್ಣೆ ಹಚ್ಚದೆ ಬಿಟ್ಟ ಜಾಗ ಮುಂದೊಂದು ದಿನ ಇಬ್ಬರ ಪ್ರಾಣಕ್ಕೂ ಕುತ್ತು ತರಬಹುದು. ಈ ಒಂದು ವಿವರ ನನಗೆ ಬೆಂಕಿಗಿಂತ ದೊಡ್ಡದಾಗಿ ಕಾಣುತ್ತದೆ. ಮೆಕ್ಯಾಫ್ರಿ ಕುದುರೆ ಪ್ರೀತಿಯವರು. 1970ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿ, ಅಲ್ಲಿ ಕುದುರೆ ಲಾಯವನ್ನೂ ನಡೆಸಿದರು. ಪ್ರಾಣಿಯ ಮೈ ತಿಕ್ಕಿ ಗೊತ್ತಿರುವ ಕೈ ಬರೆದ ಸಾಲುಗಳು ಇವು ಅಂತ ಓದುವಾಗಲೇ ತಿಳಿಯುತ್ತದೆ.

ಇನ್ನು ಊರಿನ ಲೆಕ್ಕ. ಸವಾರರು ಉಳುವುದಿಲ್ಲ, ಬಿತ್ತುವುದಿಲ್ಲ. ಆರಿಹೋದ ಜ್ವಾಲಾಮುಖಿಯ ಗುಹೆಗಳಲ್ಲಿ ಡ್ರ್ಯಾಗನ್‌ಗಳ ಜೊತೆ ಇರುತ್ತಾರೆ. ಕೆಳಗಿನ ಊರುಗಳು ಧಾನ್ಯ, ದನ, ಬಟ್ಟೆ ಎಲ್ಲವನ್ನೂ ಕಾಣಿಕೆಯಾಗಿ ಕಳಿಸುತ್ತವೆ. ಥ್ರೆಡ್ ಬೀಳುವಾಗ ಯಾರೂ ಇದನ್ನು ಪ್ರಶ್ನೆ ಮಾಡುವುದಿಲ್ಲ. ಆದರೆ ಮೊದಲ ಕಾದಂಬರಿ ಶುರುವಾಗುವ ಹೊತ್ತಿಗೆ 400 ವರ್ಷ ಥ್ರೆಡ್ ಬಿದ್ದಿಲ್ಲ. ಒಂದು ಸುತ್ತು ತಪ್ಪಿಹೋಗಿದೆ. ನೋಡಿದವರು ಯಾರೂ ಬದುಕಿಲ್ಲ. ಊರಿನವರು ಕೇಳುತ್ತಾರೆ: ಈ ಮೃಗಗಳಿಗೆ ನಮ್ಮ ದನ ಯಾಕೆ ಕೊಡಬೇಕು? ಕಲ್ಲಿನ ಅಂಗಳದಲ್ಲಿ ಹಸಿರು ಬೆಳೆಯದಂತೆ ನೋಡಿಕೊಳ್ಳಬೇಕು ಅನ್ನುವ ಹಳೆಯ ಕಟ್ಟಳೆಯನ್ನೂ ಮರೆಯುತ್ತಾರೆ. ಸವಾರರ ಆರು ನೆಲೆಗಳಲ್ಲಿ ಐದು ಖಾಲಿ. ಊರುಗಳ ಒಡೆಯರು ಉಳಿದ ಒಂದು ನೆಲೆಯ ಮೇಲೂ ದಂಡೆತ್ತಿ ಬರುತ್ತಾರೆ.

ನನ್ನ ಪ್ರಕಾರ ಇಡೀ ಪರ್ನ್‌ನಲ್ಲಿ ಅತಿ ಜಾಣತನದ ಜಾಗ ಇದು. ಊರಿನವರು ಕೆಟ್ಟವರಲ್ಲ. ಅವರ ಕಣ್ಣಿಗೆ ಕಾಣುವುದು ಖರ್ಚು ಮಾತ್ರ, ಲಾಭ ಅಜ್ಜನ ಅಜ್ಜನ ಕಾಲದ್ದು. ಒಟ್ಟಿಗೆ ಬಾಳುವುದು ಕಷ್ಟ ಆಗುವುದು ಅಪಾಯ ಬಂದಾಗ ಅಲ್ಲ, ಅಪಾಯ ನೆನಪಿನಿಂದ ಹೋದಾಗ. 1988ರಲ್ಲಿ ಬರೆದ ಕಾದಂಬರಿಯಲ್ಲಿ ಮೆಕ್ಯಾಫ್ರಿ ಇನ್ನೂ ಹಿಂದಕ್ಕೆ ಹೋಗಿ, ಈ ಡ್ರ್ಯಾಗನ್‌ಗಳನ್ನು ಮನುಷ್ಯರೇ ಅಲ್ಲಿಯ ಪುಟ್ಟ ಹಲ್ಲಿಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ್ದು ಅಂತ ತೋರಿಸಿದರು. ಅಂದರೆ ಸಾಲ ಇನ್ನೂ ದೊಡ್ಡದು. ತಮಗಾಗಿಯೇ ಹುಟ್ಟಿಸಿದ ಜೀವವನ್ನು ಕೆಲಸ ಇಲ್ಲ ಅಂತ ಹಸಿವಿಗೆ ಬಿಡುತ್ತಿದ್ದಾರೆ.

ಪರ್ನ್‌ನಲ್ಲಿ ಪ್ರೀತಿ ಇದೆ, ಸಂಬಳ ಇಲ್ಲ. ಸಂಬಳದ ಪ್ರಶ್ನೆ ಎತ್ತಿದವರು ನವೋಮಿ ನೊವಿಕ್. 2006ರಲ್ಲಿ ಶುರುವಾದ ಅವರ ಟೆಮೆರೇರ್ ಸರಣಿಯಲ್ಲಿ ನೆಪೋಲಿಯನ್ ಕಾಲದ ಯುದ್ಧಗಳನ್ನು ಡ್ರ್ಯಾಗನ್‌ಗಳೂ ಸೇರಿ ಮಾಡುತ್ತವೆ. ಬ್ರಿಟನ್‌ನಲ್ಲಿ ಅವುಗಳನ್ನು ಜನರಿಂದ ದೂರ ಇಟ್ಟು, ದನ ತಿನ್ನಿಸಿ, ಯುದ್ಧಕ್ಕೆ ಕಳಿಸುತ್ತಾರೆ. ಚೀನಾಕ್ಕೆ ಹೋದ ಟೆಮೆರೇರ್ ಅನ್ನುವ ಡ್ರ್ಯಾಗನ್ ಅಲ್ಲಿ ಅಗಲವಾದ ಬೀದಿಗಳಲ್ಲಿ ಜನರ ನಡುವೆಯೇ ಡ್ರ್ಯಾಗನ್‌ಗಳು ಓಡಾಡುವುದನ್ನು ನೋಡುತ್ತದೆ. ಅವು ಓದುತ್ತವೆ, ದುಡಿದು ಹಣ ಗಳಿಸುತ್ತವೆ. ನೋಡಿದ ಮೇಲೆ ಅದು ಸುಮ್ಮನಿರುವುದಿಲ್ಲ, ವಾಪಸ್ ಹೋಗಿ ಹಕ್ಕು ಕೇಳುತ್ತದೆ. ಊರಿನ ಬೀದಿ ಎಷ್ಟು ಅಗಲ ಇದೆ ಅನ್ನುವುದರಲ್ಲೇ ಆ ಊರು ಯಾರನ್ನು ತನ್ನವರು ಅಂದುಕೊಂಡಿದೆ ಅಂತ ಕಾಣುತ್ತದೆ. ಬರೆಯುವವರು ಇದನ್ನು ಗಮನಿಸಬೇಕು.

ಅರ್ಸುಲಾ ಲೆಗ್ವಿನ್ ಅವರ ದಾರಿ ಬೇರೆ. ಅವರ ಅರ್ತ್‌ಸೀ ದ್ವೀಪಗಳಲ್ಲಿ ಯಾರೂ ಡ್ರ್ಯಾಗನ್ ಮೇಲೆ ಜೀನು ಹಾಕುವುದಿಲ್ಲ. 1968ರ ಮೊದಲ ಪುಸ್ತಕದಲ್ಲಿ ಗೆಡ್ ಅನ್ನುವ ಹುಡುಗ ಮಾಂತ್ರಿಕ ಒಂದು ಬಡ ದ್ವೀಪದ ಕಾವಲಿಗೆ ಬಂದಿರುತ್ತಾನೆ. ಹತ್ತಿರದ ಪೆಂಡರ್ ದ್ವೀಪದಲ್ಲಿ ಮುದಿ ಡ್ರ್ಯಾಗನ್ ಒಂದಿದೆ, ಅದರ ಮರಿಗಳು ಬಲಿಯುತ್ತಿವೆ, ಮೀನುಗಾರರಿಗೆ ಭಯ. ಗೆಡ್ ದೋಣಿಯಲ್ಲಿ ಅಲ್ಲಿಗೇ ಹೋಗುತ್ತಾನೆ. ಕೆಲವು ಮರಿಗಳನ್ನು ಕೊಂದ ಮೇಲೆ ಮುದಿ ಡ್ರ್ಯಾಗನ್ ಮಾತಿಗೆ ಇಳಿಯುತ್ತದೆ. ಗೆಡ್‌ನನ್ನು ಒಂದು ನೆರಳು ಬೆನ್ನಟ್ಟಿದೆ ಅಂತ ಅದಕ್ಕೆ ಗೊತ್ತು. ಆ ನೆರಳಿನ ಹೆಸರು ಹೇಳುತ್ತೇನೆ, ನೀನು ಬದುಕಿಕೋ ಅನ್ನುತ್ತದೆ. ಅರ್ತ್‌ಸೀಯಲ್ಲಿ ಯಾವುದರ ನಿಜ ಹೆಸರು ಗೊತ್ತಿದೆಯೋ ಅದರ ಮೇಲೆ ಹಿಡಿತ ಸಿಗುತ್ತದೆ. ಅವನಿಗೆ ಆ ಲೋಕದಲ್ಲಿ ಬೇಕಾಗಿದ್ದು ಅದೊಂದೇ. ಆದರೂ ಗೆಡ್ ಅದನ್ನು ಬಿಟ್ಟು, ತನಗೆ ತಿಳಿದಿದ್ದ ಡ್ರ್ಯಾಗನ್‌ನ ನಿಜ ಹೆಸರು ಹಿಡಿದು, ನೀನಾಗಲಿ ನಿನ್ನ ಮಕ್ಕಳಾಗಲಿ ಜನ ಇರುವ ದ್ವೀಪಗಳಿಗೆ ಬರಬಾರದು ಅಂತ ಆಣೆ ಹಾಕಿಸುತ್ತಾನೆ. ಕತ್ತಿ ಎತ್ತಿದ್ದಕ್ಕಿಂತ ಇದು ದೊಡ್ಡ ಕೆಲಸ. ನಡುವೆ ಒಂದು ಗೆರೆ ಎಳೆದು, ಅದರ ಬೆಲೆಯನ್ನು ತಾನೇ ಕೊಟ್ಟ.

ಲೆಗ್ವಿನ್ ಆ ಗೆರೆಯನ್ನೂ ಪೂರ್ತಿ ನಂಬಲಿಲ್ಲ. 1990ರಲ್ಲಿ ಮತ್ತೆ ಆ ಲೋಕಕ್ಕೆ ಬಂದಾಗ, ಮೊದಲು ಮನುಷ್ಯರೂ ಡ್ರ್ಯಾಗನ್‌ಗಳೂ ಒಂದೇ ಜನ ಆಗಿದ್ದರು ಅನ್ನುವ ಹಾಡು, ಕಥೆ ಬರೆದರು. ಒಂದು ಕಡೆಯವರು ಆಸ್ತಿ ಮತ್ತು ಕೈಕೆಲಸ ಆರಿಸಿಕೊಂಡರು, ಇನ್ನೊಂದು ಕಡೆಯವರು ಗಾಳಿ ಮತ್ತು ಸ್ವಾತಂತ್ರ್ಯ. 2001ರ ಕಾದಂಬರಿಯಲ್ಲಿ ತಿಳಿಯುವುದು ಏನೆಂದರೆ, ಆ ಹಳೆಯ ಪಾಲಿನಲ್ಲಿ ಮೋಸ ಮಾಡಿದವರು ಮನುಷ್ಯರು.

ಒಡಹುಟ್ಟಿದವರು ಅನ್ನುವ ಈ ಕಲ್ಪನೆ ಕಾದಂಬರಿಗಳಲ್ಲಿ ಮಾತ್ರ ಇಲ್ಲ. ಇಂಡೋನೇಷ್ಯಾದ ಕೊಮೊಡೊ ದ್ವೀಪದಲ್ಲಿ ಜನ ಅದನ್ನು ನಂಬಿ ಬಾಳುತ್ತಾರೆ. ಕೊಮೊಡೊ ಡ್ರ್ಯಾಗನ್ ಅಂದರೆ ಹತ್ತು ಅಡಿವರೆಗೂ ಬೆಳೆಯುವ, ಜಿಂಕೆ ಹಿಡಿದು ತಿನ್ನುವ ದೈತ್ಯ ಉಡ. ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದ್ದು 1912ರಲ್ಲಿ. ಆದರೆ ಅಲ್ಲಿಯ ಮೀನುಗಾರರಿಗೆ ಅದು ಯಾವಾಗಲೂ ಓರಾ. ಅವರ ಕಥೆಯಲ್ಲಿ ಪುತ್ರಿ ನಾಗ ಅನ್ನುವ ರಾಜಕುಮಾರಿ ಅವಳಿ ಹೆತ್ತಳು. ಒಂದು ಗಂಡು ಮಗು, ಇನ್ನೊಂದು ಹೆಣ್ಣು ಓರಾ. ಬೇರೆ ಬೇರೆಯಾಗಿ ಬೆಳೆದರು. ಮಗ ದೊಡ್ಡವನಾಗಿ ಬೇಟೆಗೆ ಹೋದಾಗ ತನ್ನ ಜಿಂಕೆ ತಿನ್ನಲು ಬಂದ ಓರಾಗೆ ಭರ್ಜಿ ಎತ್ತಿದ. ತಾಯಿ ಕಾಣಿಸಿಕೊಂಡು, ಕೊಲ್ಲಬೇಡ, ಅವಳು ನಿನ್ನ ಒಡಹುಟ್ಟಿದವಳು ಅಂದಳು. ಇಂದಿಗೂ ಅಲ್ಲಿ ಮನೆಗಳು ಕಂಬಗಳ ಮೇಲೆ ನಿಂತಿವೆ. ಹಿಂದೆ ಬೇಟೆಯಾಡಿದ ಜಿಂಕೆಯಲ್ಲಿ ಒಂದು ಪಾಲು ಓರಾಗೆ ಬಿಡುತ್ತಿದ್ದೆವು ಅಂತ ಊರಿನವರು ಹೇಳುತ್ತಾರೆ. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು, ಜಿಂಕೆ ಬೇಟೆ ನಿಂತಿತು. ಕಾಡಿಗೆ ಅದು ಬೇಕಾಗಿತ್ತು, ನಿಜ. ಆದರೆ ಪಾಲು ಕೊಡುವ ಸಂಬಂಧವೂ ಅದರ ಜೊತೆಗೇ ನಿಂತಿತು. ಉಡಕ್ಕೆ ಇದೆಲ್ಲ ಗೊತ್ತಿಲ್ಲ, ಅದು ಮನುಷ್ಯರನ್ನು ಕಚ್ಚಿದ್ದೂ ಇದೆ, ಕೊಂದದ್ದೂ ಇದೆ. ನೆಂಟಸ್ತಿಕೆ ಅಂದಮಾತ್ರಕ್ಕೆ ಹಲ್ಲು ಮೊಂಡಾಗುವುದಿಲ್ಲ ಅಂತ ಅಲ್ಲಿಯವರಿಗೆ ಚೆನ್ನಾಗಿ ಗೊತ್ತು.

ಈಗ ನಮ್ಮ ಕಡೆಗೆ. ನಮ್ಮ ನಾಗರಿಗೆ ರೆಕ್ಕೆ ಇಲ್ಲ. ಆದರೆ ಮಾತು ಇದೆ, ರಾಜ್ಯ ಇದೆ, ಮನುಷ್ಯರ ಜೊತೆ ಕೊಟ್ಟು ತಂದ ಸಂಬಂಧ ಇದೆ. ಮಹಾಭಾರತದಲ್ಲಿ ಅರ್ಜುನ ನಾಗಕನ್ಯೆ ಉಲೂಪಿಯನ್ನು ಮದುವೆಯಾಗುತ್ತಾನೆ. ಅದೇ ಅರ್ಜುನ ಕೃಷ್ಣನ ಜೊತೆ ನಿಂತು ಖಾಂಡವ ವನವನ್ನು ಅಗ್ನಿಗೆ ಒಪ್ಪಿಸುತ್ತಾನೆ. ಅದು ತಕ್ಷಕನ ಮನೆ. ತಕ್ಷಕ ಅವತ್ತು ಊರಲ್ಲಿ ಇರಲಿಲ್ಲ. ಹೆಂಡತಿ ಸತ್ತಳು, ಮಗ ಅಶ್ವಸೇನ ತಪ್ಪಿಸಿಕೊಂಡ. ವರ್ಷಗಳ ಮೇಲೆ ಕುರುಕ್ಷೇತ್ರದಲ್ಲಿ ಆ ಮಗ ಕರ್ಣನ ಬಾಣದಲ್ಲಿ ಬಂದು ಕೂರುತ್ತಾನೆ. ಕೃಷ್ಣ ರಥವನ್ನು ನೆಲಕ್ಕೆ ಅಮುಕಿದ್ದರಿಂದ ಅರ್ಜುನನ ತಲೆ ಉಳಿದು ಕಿರೀಟ ಹೋಗುತ್ತದೆ. ಮತ್ತೆ ತೊಡು ಅಂತ ಅಶ್ವಸೇನ ಬೇಡಿಕೊಂಡರೂ ಕರ್ಣ ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಈ ಪ್ರಸಂಗ ನೋಡಿದವರು ಇಲ್ಲಿ ತುಂಬಾ ಜನ ಇರಬಹುದು. ಮುಂದಿನ ಸಲ ಕರ್ಣನನ್ನು ಬಿಟ್ಟು ಆ ಅಶ್ವಸೇನನನ್ನೇ ನೋಡಿ. ಮನೆ ಸುಟ್ಟುಹೋದ ಹುಡುಗ ಅವನು. ಆಮೇಲೆ ಜನಮೇಜಯನ ಸರ್ಪಯಾಗ ಬರುತ್ತದೆ. ಇಡೀ ಕುಲ ಬೆಂಕಿಗೆ ಬೀಳುವಾಗ ನಿಲ್ಲಿಸುವವನು ಆಸ್ತೀಕ. ಅಪ್ಪ ಮನುಷ್ಯ, ಅಮ್ಮ ವಾಸುಕಿಯ ತಂಗಿ. ಎರಡೂ ಕಡೆಗೆ ಸೇರಿದವನು ಮಾತ್ರ ಆ ಬೆಂಕಿ ಆರಿಸಬಲ್ಲವನಾಗಿದ್ದ.

ಹಾಗಾಗಿ ಕನ್ನಡದಲ್ಲಿ ಇಂಥ ಲೋಕ ಕಟ್ಟಲು ನಾವು ಯುರೋಪಿನ ಕೋಟೆಗಳನ್ನು ಸಾಲ ತರಬೇಕಾಗಿಲ್ಲ. ಕರಾವಳಿಯ ನಾಗಬನವನ್ನೇ ತೆಗೆದುಕೊಳ್ಳಿ. ಗದ್ದೆ, ತೋಟ ಎಲ್ಲ ಮನುಷ್ಯರದ್ದು, ಈ ಒಂದು ತುಂಡು ನಾಗನದ್ದು, ಇಲ್ಲಿಯ ಮರ ಕಡಿಯಬಾರದು ಅನ್ನುವ ಕಟ್ಟು. ಈಗ ಎಷ್ಟೋ ಕಡೆ ಆ ಮರಗಳನ್ನೇ ತೆಗೆದು ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ. ಪೂಜೆ ನಡೆಯುತ್ತಿದೆ, ಬನ ಇಲ್ಲ. ನಾಗ ನಿಜವಾಗಿ ಮಾತಾಡುವ, ಊರಿನ ಪಂಚಾಯಿತಿಗೆ ಬಂದು ತನ್ನ ಜಾಗ ಕೇಳುವ ಒಂದು ಲೋಕದಲ್ಲಿ ಅವತ್ತಿನ ಸಭೆ ಹೇಗೆ ನಡೆದೀತು? ಮರ ಕಡಿಸಿದ ಮನೆಯವರು ಏನು ಹೇಳಿಯಾರು? ಆಸ್ತೀಕನ ಹಾಗೆ ಎರಡೂ ಕಡೆಯ ರಕ್ತ ಇರುವ ಹುಡುಗಿಯೊಬ್ಬಳು ಆ ಊರಿನಲ್ಲಿ ಇದ್ದರೆ, ಅವಳು ಯಾವ ಸಾಲಿನಲ್ಲಿ ಕೂತಾಳು? ಈ ಕಥೆಯನ್ನು ಓದುವ ಆಸೆ ನನಗೆ ಬಹಳ ದಿನದಿಂದ ಇದೆ. ನಿಮ್ಮಲ್ಲಿ ಯಾರಾದರೂ ಬರೆಯಿರಿ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.