ಹದಿನಾರು ಮಾತ್ರೆಯ ಮನೆ: ಹಿಪ್ ಹಾಪ್ ಮತ್ತು ನಮ್ಮ ನುಡಿ

(ಕೋಲಾರದ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಪ್ರಿಯ ವಿದ್ಯಾರ್ಥಿಗಳೇ, ಸಹೋದ್ಯೋಗಿ ಮಿತ್ರರೇ,

ನಾನು ಕನ್ನಡ ಪಾಠ ಹೇಳುವವನು. ಹಿಪ್ ಹಾಪ್ ಕುರಿತು ಮಾತನಾಡಲು ಒಪ್ಪಿಕೊಳ್ಳುವುದಕ್ಕೆ ನಮ್ಮ ಎರಡನೇ ವರ್ಷದ ಪದವಿ ವಿದ್ಯಾರ್ಥಿಯೊಬ್ಬನ ನೋಟ್ ಪುಸ್ತಕ ಕಾರಣ. ಅದನ್ನು ಬಿಚ್ಚುವ ಮೊದಲು ಈ ಕಲೆ ಹೊರಟ ಜಾಗವನ್ನು ನೋಡಿಕೊಂಡು ಬರೋಣ.

1973ರ ಆಗಸ್ಟ್ 11ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಠಾರದ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ದುಡ್ಡು ಹೊಂದಿಸಿಕೊಳ್ಳಲು ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ಹಾಡು ಹಾಕುವ ಹೊಣೆ ಅವಳ ಅಣ್ಣ ಕ್ಲೈವ್‌ನದು. ಡಿಜೆ ಕೂಲ್ ಹರ್ಕ್ ಎಂದು ಜಗತ್ತು ಬಲ್ಲದ್ದು ಇವನನ್ನೇ. ಹಾಡಿನ ನಡುವೆ ಕೊರಳು ನಿಂತು ಬರೀ ಡ್ರಮ್ ನುಡಿಯುವ ಕೆಲವು ಕ್ಷಣಗಳಲ್ಲಿ ಜನ ಮೈಮರೆತು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ರೆಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಶುರುಮಾಡಿ, ಆ ಕ್ಷಣಗಳನ್ನು ನಿಮಿಷಗಟ್ಟಲೆ ಎಳೆಯುವ ಕೈಚಳಕವನ್ನು ಅವನು ರೂಢಿಸಿಕೊಂಡ. ಆ ತಾಳದ ಮೇಲೆ ಮಾತು ಪೋಣಿಸುವುದು ರ‍್ಯಾಪ್ ಆಯಿತು. ಹರ್ಕ್ ಹುಟ್ಟಿದ್ದು ಜಮೈಕಾದಲ್ಲಿ. ಕಿಂಗ್‌ಸ್ಟನ್ ಬೀದಿಗಳಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕುವ ಸೌಂಡ್ ಸಿಸ್ಟಮ್‌ಗಳನ್ನು ಕಂಡು ಬೆಳೆದ ಅವನು 1967ರಲ್ಲಿ ಅಮೆರಿಕಕ್ಕೆ ಬಂದ. ಎಂದರೆ, ಹಿಪ್ ಹಾಪ್ ತನ್ನ ತವರಿನಲ್ಲಿಯೇ ವಲಸೆ ಬಂದವರ ಕೂಸು. ಇದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ಹೋದ ಕಡೆಯಲ್ಲೆಲ್ಲ ಅದು ಮೊದಲು ವೇಷವಾಗಿ ಇಳಿಯಿತು: ದೊಗಲೆ ಪ್ಯಾಂಟು, ಕೊರಳ ಸರ, ಅರೆಬರೆ ಇಂಗ್ಲಿಷು. ಆ ಹಂತ ದಾಟಿಸಿದ್ದು ಪ್ರತಿ ದೇಶದಲ್ಲಿಯೂ ಅಲ್ಲಿನ ಭಾಷೆಯೇ ಎಂಬುದು ನನ್ನ ನಂಬಿಕೆ. ಫ್ರಾನ್ಸನ್ನು ನೋಡಿ. ರೇಡಿಯೋದಲ್ಲಿ ಪ್ರಸಾರವಾಗುವ ಜನಪ್ರಿಯ ಗೀತೆಗಳಲ್ಲಿ ಶೇ. 40ರಷ್ಟು ಫ್ರೆಂಚ್ ಹಾಡುಗಳಿರಬೇಕೆಂಬ ನಿಯಮ ಅಲ್ಲಿ 1996ರಿಂದ ಜಾರಿಗೆ ಬಂತು. ಅದರಿಂದ ಹೆಚ್ಚು ಲಾಭ ಪಡೆದವರಲ್ಲಿ ಫ್ರೆಂಚ್ ರ‍್ಯಾಪರ್‌ಗಳೂ ಸೇರಿದ್ದರು. ಅವರಲ್ಲಿ ಬಹಳ ಮಂದಿ ಆಫ್ರಿಕಾದಿಂದ ಬಂದ ಮನೆತನಗಳ ಮಕ್ಕಳು. ಭಾಷೆಯನ್ನು ಕಾಯಲು ಮಾಡಿದ ನಿಯಮ, ಆ ಭಾಷೆಗೆ ಹೊರಗಿನವರೆನಿಸಿದ್ದವರ ಕೈಗೆ ಮೈಕ್ ಕೊಟ್ಟಿತು. ಸೆನೆಗಲ್‌ನಲ್ಲಿ ವೊಲೊಫ್ ಭಾಷೆಯ ರ‍್ಯಾಪರ್‌ಗಳೂ ಪತ್ರಕರ್ತರೂ ಕೂಡಿ 2011ರಲ್ಲಿ 'ಸಾಕಾಗಿದೆ' ಎಂಬರ್ಥದ ಹೆಸರಿನ ಚಳವಳಿಯನ್ನು ಕಟ್ಟಿ, ಯುವಕರನ್ನು ಮತದಾರರ ಪಟ್ಟಿಗೆ ಸೇರಿಸಿದರು. ಮರುವರ್ಷ ಅಧ್ಯಕ್ಷ ಅಬ್ದುಲಾಯ್ ವಾದ್ ಚುನಾವಣೆಯಲ್ಲಿ ಸೋತರು.

ಭಾರತದ ಕಥೆಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ತೊಂಬತ್ತರ ದಶಕದ ಸಿನಿಮಾ ರ‍್ಯಾಪ್ ಬಹುಮಟ್ಟಿಗೆ ತಮಾಷೆಯ ಸರಕಾಗಿತ್ತು. ಮುಂಬೈನ ಡಿವೈನ್, ನೇಜಿ ಎಂಬ ರ‍್ಯಾಪರ್‌ಗಳು 2015ರ ಹೊತ್ತಿಗೆ ತಮ್ಮ ಗಲ್ಲಿಯ ಮಾತನ್ನೇ ಹಾಡಾಗಿಸಿದರು. ನಮ್ಮ ನೆರೆಯ ತಮಿಳಿನಲ್ಲಿ ಅರಿವು ಎಂಬ ರ‍್ಯಾಪರ್ 2021ರಲ್ಲಿ, ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿಯ ಬದುಕನ್ನು ಹಾಡಿಗೆ ತಂದಾಗ ಅದರಲ್ಲಿ ಒಪ್ಪಾರಿಯ, ಎಂದರೆ ಸಾವಿನ ಮನೆಯ ಅಳುವಿನ ಹಾಡಿನ, ದನಿಯಿತ್ತು. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರು ರ‍್ಯಾಪನ್ನು ಊರೂರಿಗೆ ಮುಟ್ಟಿಸಿದರು. ಅದು ಸಣ್ಣ ಕೆಲಸವಲ್ಲ. ಆದರೆ ಕುಡಿತ, ಕಾರು, ಹುಡುಗಿಯ ಮೇಲಿನ ಮುನಿಸು ಇಷ್ಟಕ್ಕೇ ನಿಲ್ಲುವ ಹಾಡುಗಳು ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿವೆ ಎಂದು ನನಗೆ ನೋವಿದೆ.

ಈಗ ಆ ನೋಟ್ ಪುಸ್ತಕ. ಹುಡುಗ ಪ್ರತಿ ಸಾಲಿಗೂ ಹದಿನಾರು ಚೌಕಗಳನ್ನು ಎಳೆದು, ಒಂದೊಂದು ಚೌಕದಲ್ಲಿ ಅಕ್ಷರಗಳನ್ನು ಕೂರಿಸಿದ್ದ. ದೀರ್ಘಾಕ್ಷರ ಬಂದಲ್ಲಿ ಎರಡು ಚೌಕ. "ಇದೇನಪ್ಪ?" ಎಂದು ಕೇಳಿದೆ. "ಒಂದು ಬಾರ್ ಸರ್, ನಾಲ್ಕು ಬೀಟ್, ಬೀಟಿಗೆ ನಾಲ್ಕು" ಎಂದ. ಬಾರ್ ಎಂದರೆ ತಾಳದ ಒಂದು ಸುತ್ತು. ತರಗತಿಯಲ್ಲಿ ಪ್ರಸ್ತಾರ ಹಾಕುವಾಗ, ಎಂದರೆ ಪದ್ಯದ ಅಕ್ಷರಗಳ ಅಳತೆ ಗುರುತಿಸುವಾಗ, ಆಕಳಿಸುತ್ತಿದ್ದ ಹುಡುಗ, ಲಘುವಿಗೆ ಒಂದು, ಗುರುವಿಗೆ ಎರಡು ಎಂಬ ಲೆಕ್ಕವನ್ನು ತಾನೇ ಕಂಡುಕೊಂಡಿದ್ದ. ಅವನ ಎರಡು ಸಾಲು ಹೀಗಿವೆ:

ಬೆಂಗ್ಳೂರ್ ನೀರಿಗೆ ನಮ್ಕೆರೆ ತುಂಬಿತು
ಹೆಂಗೈತಂತಾ ಕೇಳೋರ್ ಯಾರೋ

ಎಣಿಸಿ ನೋಡಿ. ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು: ಪರಿವರ್ಧಿನಿ ಷಟ್ಪದಿಯ ಮೊದಲ ಸಾಲಿನ ಅಳತೆ. ಮೂರು, ನಾಲ್ಕು ಎಂದು ಕುಂಟುತ್ತಾ ಸಾಗುವ ಭಾಮಿನಿ ಈ ಚೌಕಗಳಲ್ಲಿ ಕೂರದು; ಪರಿವರ್ಧಿನಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಇನ್ನೂ ಒಂದು ಮಾತು. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ 'ಬಂದೆ, ಕಂಡೆ, ಉಂಡೆ' ಎಂದು ಅಂತ್ಯಪ್ರಾಸ ಹೊಂದಿಸುವುದು ಬಹಳ ಸುಲಭ. ಸುಲಭವಾದ್ದರಿಂದಲೇ ಅದು ಬೇಗ ಸಪ್ಪೆಯಾಗುತ್ತದೆ. ಇವನು ಬೆಂಗ್ಳೂರ್, ಹೆಂಗೈತಂತಾ ಎಂದು ಸಾಲಿನ ಎರಡನೆಯ ಅಕ್ಷರವನ್ನು ಹಿಡಿದಿದ್ದಾನೆ. ಅದು ಹಳಗನ್ನಡ ಕವಿಗಳು ಬಿಡದೆ ಪಾಲಿಸಿದ ಆದಿಪ್ರಾಸ. ಬೆಂಗ್ಳೂರಿನ 'ಗ್ಳೂ' ಎಂಬ ಒತ್ತಕ್ಷರವನ್ನು ಶಾಸ್ತ್ರ ಒಪ್ಪದಿರಬಹುದು, ಕಿವಿ ಒಪ್ಪುತ್ತದೆ.

ವಿಷಯವೂ ನಮ್ಮದೇ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದ ಸಂತೋಷವೂ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯವೂ ಒಂದೇ ಊರಿನ ಒಂದೇ ಜಗುಲಿಯ ಮೇಲೆ ಕೂತಿವೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಈ ಹುಡುಗನಿಗೆ ಅದನ್ನು ಹೇಳಲು ಬ್ರಾಂಕ್ಸ್‌ನಿಂದ ಬಂದ ಚೌಕಗಳು ಒದಗಿವೆ.

ಅವನು ಈ ಸಾಲುಗಳನ್ನು ಮೊಬೈಲಿನ ಬೀಟಿಗೆ ಹೇಳುತ್ತಿದ್ದ. ಕಳೆದ ತಿಂಗಳು ಅವನ ಚಿಕ್ಕಪ್ಪ ತಮಟೆ ಹಿಡಿದು ಜೊತೆಗೂಡಿದರು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯವದು. ಹಾಗಿದ್ದೂ ಸಾವಿನ ಮನೆಗೆ ಮಾತ್ರ ಅದನ್ನು ಕರೆಯುವವರು ಇಂದಿಗೂ ಇದ್ದಾರೆ. ಅಭ್ಯಾಸದಲ್ಲಿ ತೊಡಕೊಂದು ಬಂತು. ಮೊಬೈಲಿನ ಬೀಟ್ ಕೊನೆತನಕ ಒಂದೇ ವೇಗ. ತಮಟೆ ಹಾಗಲ್ಲ, ಕೈ ಕಾವೇರಿದಂತೆ ಅದರ ನಡೆ ಚುರುಕಾಗುತ್ತದೆ, ಎರಡೂ ಬೇರೆಬೇರೆ ದಾರಿ ಹಿಡಿದವು. ಮೂರು ಸಂಜೆ ಹೆಣಗಿ, ಕೊನೆಗೆ ಹುಡುಗನೇ ಮೊಬೈಲನ್ನು ಜೇಬಿಗಿಟ್ಟ. ಈಗ ಚಿಕ್ಕಪ್ಪ ವೇಗ ಏರಿಸಿದಷ್ಟೂ ಇವನು ಮಾತು ಬಿಗಿಗೊಳಿಸಬೇಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ನೋಟ್ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತು ಹಾಕಿಕೊಂಡಿದ್ದಾನೆ.

ಹೊರಗೆ ಅಂಗಳದಲ್ಲಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದಾರೆ. ಚರ್ಮ ಬಿಗಿಯಾದೊಡನೆ ಅವರಿಬ್ಬರೂ ಇಲ್ಲಿಗೆ ಬರುತ್ತಾರೆ. ನಿಮ್ಮ ಪ್ರಶ್ನೆಗಳನ್ನು ಅದಾದ ಮೇಲೆ ತೆಗೆದುಕೊಳ್ಳುತ್ತೇನೆ.